ಎಗ್ವೀ ಬಂಡೆಯ ಮೇಲಿನ ಬಾಗಿಲು

ಮಧ್ಯ ಫ್ರಾನ್ಸಿನ ಲ ಪ್ಯುಯಿ ಊರಿನ ಬಗ್ಗೆ ಬರೆದವರೆಲ್ಲ ಎಗ್ವೀ ಬಂಡೆಯ ಎತ್ತರವನ್ನೇ ಮೊದಲು ಹೇಳುತ್ತಾರೆ. ಹಳೆಯ ಜ್ವಾಲಾಮುಖಿಯ ಗಂಟಲಲ್ಲಿ ಗಟ್ಟಿಯಾಗಿ ಉಳಿದ, ಸುಮಾರು 82 ಮೀಟರ್ ಎತ್ತರದ ಕಡಿದಾದ ಕಲ್ಲು. ಅದನ್ನು ಬಳಸಿಕೊಂಡು ಏರುವ 268 ಮೆಟ್ಟಿಲು. ತುದಿಯಲ್ಲಿ ದೇವದೂತ ಮೈಕೇಲನ ಹೆಸರಿನ ಪುಟ್ಟ ಚಾಪೆಲ್. ಜೊತೆಗೊಂದು ಕಥೆ: ಬಿಷಪ್ ಗೊದೆಸ್ಕಾಲ್ಕ್ ಸ್ಪೇನಿನ ಸಾಂತಿಯಾಗೊ ಯಾತ್ರೆ ಮುಗಿಸಿ ಬಂದು, ಅದರ ನೆನಪಿಗೆ 962ರ ಹೊತ್ತಿಗೆ ಇದನ್ನು ಕಟ್ಟಿಸಿದ. ಎತ್ತರ ಮತ್ತು ಬಿಷಪ್, ಈ ಎರಡರ ಮೇಲೆ ಕಟ್ಟಡದ ಕೀರ್ತಿ ನಿಂತುಬಿಟ್ಟಿದೆ. ಅದರ ನಿಜವಾದ ಹೆಚ್ಚುಗಾರಿಕೆ ಆ ಕೀರ್ತಿಯ ಹಿಂದೆ ಮರೆಯಾಗಿದೆ.

ಮೈಕೇಲನಿಗೂ ಬೆಟ್ಟದ ತುದಿಗಳಿಗೂ ಇರುವ ನಂಟು ಇಟಲಿಯ ಗಾರ್ಗಾನೊದಿಂದ ನಾರ್ಮಂಡಿಯ ಮೊಂ ಸ್ಯಾಂ ಮಿಶೆಲ್‌ವರೆಗೆ ಗೊತ್ತಿರುವ ವಿಷಯ. ಗೊತ್ತಿದ್ದೂ ಮರೆತುಹೋಗುವ ಸಂಗತಿ ಬೇರೆಯಿದೆ. ಗೊದೆಸ್ಕಾಲ್ಕ್ ಕಾಲದ ಕಟ್ಟಡವೆಂದರೆ ಒಂದು ಚಿಕ್ಕ ಚೌಕ ಕೋಣೆ, ಅದರ ಮೂರು ಬದಿಗೆ ಅರ್ಧವೃತ್ತದ ಗೂಡುಗಳು, ಅಷ್ಟೆ. ಇಂದು ಮೆಟ್ಟಿಲು ಹತ್ತಿದವರು ಕಣ್ಣರಳಿಸಿ ನೋಡುವುದರಲ್ಲಿ ಬಹುಪಾಲು 12ನೇ ಶತಮಾನದ್ದು. ಆಗ ಬಂದ ಹೆಸರಿಲ್ಲದ ಶಿಲ್ಪಿ ಹಳೆಯ ಕೋಣೆಯನ್ನು ಕೆಡವಲಿಲ್ಲ, ಬಂಡೆಯನ್ನು ತರಿದು ಸಮಮಾಡಲೂ ಹೋಗಲಿಲ್ಲ. ಬಂಡೆಯ ಅಂಚು ಬಳುಕಿದ ಹಾಗೆ ಗೋಡೆಯನ್ನು ಬಳುಕಿಸಿದ. ಒಳಗೆ ಸಣ್ಣ ಕಂಬಗಳನ್ನು ಓರೆಯಾಗಿ ಸಾಲುಗೊಳಿಸಿ, ಅಳತೆಗೆ ಸಿಗದ ಜಾಗದ ಮೇಲೆ ಕಮಾನು ಚಾವಣಿ ಹೊದಿಸಿದ. ನಕ್ಷೆಯಲ್ಲಿ ಒಂದು ಮೂಲೆಯೂ ನೇರವಾಗಿಲ್ಲ. ಒಳಗೆ ನಿಂತವರಿಗೆ ಮಾತ್ರ ಎಲ್ಲಿಯೂ ತಡವರಿಸಿದ ಭಾವನೆ ಬರುವುದಿಲ್ಲ. ಇಕ್ಕಟ್ಟಿನಲ್ಲಿ ಕಟ್ಟುವ ವಿದ್ಯೆಗೆ ರೊಮಾನೆಸ್ಕ್ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಆದರೂ ಆ ಕಾಲದ ಕೆಲಸದ ಶಿಖರವಿರುವುದು ಹೊರಬಾಗಿಲಲ್ಲಿ. ಅಲ್ಲಿ ನಿಧಾನವಾಗಿ ನಿಲ್ಲಬೇಕು.

ಬಾಗಿಲ ಮೇಲಿನ ಅಡ್ಡಕಲ್ಲಿನಲ್ಲಿ ಇಬ್ಬರು ಮತ್ಸ್ಯಕನ್ಯೆಯರು. ಅದರ ಮೇಲೆ ಮೂರು ಎಸಳಿನ ದೊಡ್ಡ ಕಮಾನು. ನಡುವಿನ ಎಸಳಿನಲ್ಲಿ ದೇವರ ಕುರಿಮರಿ. ಅಕ್ಕಪಕ್ಕದವುಗಳಲ್ಲಿ ಬೈಬಲಿನ ಕೊನೆಯ ಪುಸ್ತಕದ ಹಿರಿಯರು ಮಂಡಿಯೂರಿ ಪಾತ್ರೆ ಹಿಡಿದಿದ್ದಾರೆ. ಇನ್ನೂ ಮೇಲೆ ಐದು ಸಣ್ಣ ಕಮಾನುಗಳ ಸಾಲಿನಲ್ಲಿ ಕ್ರಿಸ್ತ, ಮರಿಯಾ, ಯೋಹಾನ, ಮೈಕೇಲ, ಪೇತ್ರ. ಸುತ್ತಲೂ ಕಪ್ಪು, ಬಿಳಿ, ಕೆಂಪು ಕಲ್ಲಿನ ಚೂರುಗಳ ಜೋಡಣೆ. ವಿವರಿಸಿದರೆ ಕಿಕ್ಕಿರಿದಂತೆ ಕೇಳಿಸುತ್ತದೆ, ನೋಡಿದರೆ ಹಾಗಿಲ್ಲ. ಗುಟ್ಟಿರುವುದು ಎಸಳುಗಳ ಬಳಕೆಯಲ್ಲಿ. ಲಿಮೂಸಾಂ ಸೀಮೆಯ ಲ ದೊರಾ ಚರ್ಚಿನ ಬಾಗಿಲಲ್ಲೂ ಎಸಳು ಕಮಾನಿದೆ. ಅಲ್ಲಿ ಎಸಳುಗಳು ಚಿಕ್ಕವು, ಸೀರೆಯ ಅಂಚಿನಂತೆ ಬರಿಯ ಅಲಂಕಾರ. ಎಗ್ವೀಯಲ್ಲಿ ಅವು ಗೂಡುಗಳಾಗುತ್ತವೆ. ಒಂದೊಂದು ಎಸಳೂ ಒಂದು ಗುಂಪನ್ನು ಬೇರ್ಪಡಿಸಿ ಹಿಡಿಯುತ್ತದೆ, ಆದರೆ ಕಮಾನಿನ ಗೆರೆ ಎಲ್ಲಿಯೂ ಕಡಿಯದೆ ಹರಿಯುವುದರಿಂದ ಮಂಡಿಯೂರಿದವರ ನೋಟ ನಡುವಿನ ಕುರಿಮರಿಯತ್ತ ತಾನಾಗಿ ಏರುತ್ತದೆ. ಉಳಿದೆಡೆ ದೊಡ್ಡ ಅರ್ಧವೃತ್ತದ ಫಲಕದಲ್ಲಿ ಹತ್ತಾರು ಆಕೃತಿಗಳನ್ನು ತುಂಬಿ ಹೇಳುವ ಕಥೆಯನ್ನು ಇಲ್ಲಿ ಬಾಗಿಲಿನ ಆಕಾರವೇ ಹೇಳಿಬಿಡುತ್ತದೆ.

ಪಂಡಿತರು ಈ ಬಾಗಿಲನ್ನು ನೋಡಿಲ್ಲವೆಂದಲ್ಲ. ನೋಡಿದ್ದು ಬೇರೆ ಯಾವುದಕ್ಕೋ ಸಾಕ್ಷಿಯಾಗಿ. 1923ರಲ್ಲಿ ಫ್ರೆಂಚ್ ಕಲಾ ಇತಿಹಾಸಕಾರ ಎಮಿಲ್ ಮಾಲ್ ರೊಮಾನೆಸ್ಕ್ ಕಲೆಯ ಮೇಲಿನ ಅರಬ್ ಪ್ರಭಾವದ ಬಗ್ಗೆ ಬರೆದಾಗ ಲ ಪ್ಯುಯಿಯ ಪಟ್ಟೆಪಟ್ಟೆ ಕಮಾನುಗಳಲ್ಲಿ ಸ್ಪೇನಿನ ಕಾರ್ಡೊಬಾ ಮಸೀದಿಯನ್ನು ಕಂಡ. 1934ರಲ್ಲಿ ಈಜಿಪ್ಟಿನ ವಿದ್ವಾಂಸ ಅಹ್ಮದ್ ಫಿಕ್ರಿ ಇದೇ ಊರಿನ ಕಲೆ ಮತ್ತು ಇಸ್ಲಾಮಿ ಪ್ರಭಾವದ ಮೇಲೆ ಒಂದು ಇಡೀ ಪುಸ್ತಕ ಪ್ರಕಟಿಸಿದ. ಅದೇ ವರ್ಷ ಟ್ಯುನೀಸಿಯಾದ ಕೈರವಾನದ ಮಹಾಮಸೀದಿಯ ಮೇಲೂ ಅವನ ಪುಸ್ತಕ ಬಂತು. ಎರಡೂ ದಡವನ್ನು ಬಲ್ಲವನ ಮಾತು ಅದು. ಮಾಲ್‌ನ ಹೆಸರು ಎಲ್ಲರ ಬಾಯಲ್ಲಿದ್ದು, ಫಿಕ್ರಿಯದು ಅಡಿಟಿಪ್ಪಣಿಗೆ ಸರಿದಿರುವುದು ನ್ಯಾಯವಲ್ಲ.

ಎದುರು ವಾದವೂ ಇದೆ: ಬಣ್ಣದ ಕಲ್ಲು ಜ್ವಾಲಾಮುಖಿಯ ಸೀಮೆಯಲ್ಲಿ ಕಾಲಡಿಯಲ್ಲೇ ಸಿಗುತ್ತದೆ, ಹತ್ತಿರದ ಇಸ್ವಾರ್‌ನಲ್ಲೂ ಕ್ಲೆರ್ಮೋನಿನ ನೋತ್ರ್ ದಾಮ್ ದು ಪೋರ್‌ನಲ್ಲೂ ಅಂಥದೇ ಜೋಡಣೆಯಿದೆ, ಕಾರ್ಡೊಬಾವರೆಗೆ ಹೋಗುವ ಅಗತ್ಯವೇನು? ಈ ವಾದ ಬಣ್ಣಕ್ಕೆ ಉತ್ತರ, ಎಸಳಿಗೆ ಉತ್ತರವಲ್ಲ. ನೆಲದಿಂದ ಕಲ್ಲು ಬರುತ್ತದೆ, ಕಮಾನಿನ ಆಕಾರ ಬರುವುದಿಲ್ಲ.

ಹಾಗೆಂದು ಬಿಷಪ್ ಅದನ್ನು ಸ್ಪೇನಿನಿಂದ ಹೊತ್ತುತಂದ ಎಂಬ ಸುಲಭದ ಕಥೆಯನ್ನು ಒಪ್ಪಲಾಗದು. ಗೊದೆಸ್ಕಾಲ್ಕನ ಯಾತ್ರೆಗೆ ಗಟ್ಟಿ ಸಾಕ್ಷಿಯಿದೆ: ಸ್ಪೇನಿನ ಆಲ್ಬೆಲ್ದಾ ಮಠದ ಗೊಮೆಸ್ ಎಂಬ ಸನ್ಯಾಸಿ 951ರ ಜನವರಿಯಲ್ಲಿ ಅವನಿಗಾಗಿ ಒಂದು ಗ್ರಂಥ ನಕಲು ಮಾಡಿ, ಅದರಲ್ಲಿ ಬಿಷಪ್ಪನ ಪ್ರಯಾಣವನ್ನು ಬರೆದಿಟ್ಟ. ಆ ಹಸ್ತಪ್ರತಿ ಈಗ ಪ್ಯಾರಿಸ್‌ನಲ್ಲಿದೆ. ಆದರೆ ಕಾರ್ಡೊಬಾ ಮಸೀದಿಯ ಹೆಸರಾಂತ ಎಸಳು ಕಮಾನುಗಳಿರುವುದು ಅಲ್ಲಿನ ಖಲೀಫ ಎರಡನೇ ಅಲ್ ಹಕಮ್ ಮಾಡಿಸಿದ ವಿಸ್ತರಣೆಯಲ್ಲಿ. ಅವನು ಪಟ್ಟಕ್ಕೆ ಬಂದದ್ದೇ 961ರಲ್ಲಿ. ಅಷ್ಟರಲ್ಲಿ ಬಿಷಪ್ ಊರಿಗೆ ಮರಳಿ ಹತ್ತು ವರ್ಷ ಆಗಿತ್ತು. ಎಗ್ವೀಯ ಬಾಗಿಲು ಎದ್ದದ್ದು ಅದಕ್ಕೂ ಒಂದೂವರೆ ಶತಮಾನಕ್ಕಿಂತ ಈಚೆಗೆ. ಸ್ಥಾಪಕನ ಯಾತ್ರೆಯನ್ನೂ ಬಾಗಿಲಿನ ಆಕಾರವನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಈ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ.

ಒಳಗಿನ ಚಾವಣಿಯ ಚಿತ್ರಗಳ ಮಾತು ಚಿಕ್ಕದು. 19ನೇ ಶತಮಾನದ ನಡುವೆ ಆನಾತೋಲ್ ದೊವೆರ್ನ್ಯ್ ಎಂಬ ಕಲಾವಿದನ ಕಣ್ಣಿಗೆ ಬಿದ್ದ ಅವು ತುಂಬ ಮಾಸಿವೆ. ಚಾಪೆಲ್ಲಿನ ಕೀರ್ತಿಯನ್ನು ಹೊರುವಷ್ಟು ಉಳಿದಿಲ್ಲ.

ಬಾಗಿಲನ್ನು ಅರಿಯಲು ಬೇಕಾದ ಸಾಕ್ಷಿ ಇರುವುದು ಕೆಳಗಿನ ಊರಲ್ಲೇ. ಲ ಪ್ಯುಯಿಯ ಕೆಥೆಡ್ರಲ್ಲಿಗೆ ಗುಮ್ಮಟಗಳ ಸಾಲಿನ ಚಾವಣಿಯಿದೆ. ಗೋಝ್‌ಫ್ರೆದುಸ್ ಎಂಬ ಕುಶಲಕರ್ಮಿ ತನ್ನ ಹೆಸರು ಕೊರೆದ ಮರದ ಬಾಗಿಲುಗಳಿವೆ. ಅವುಗಳ ಅಂಚಿನಲ್ಲಿ ಕೂಫಿ ಅರಬ್ ಲಿಪಿಯನ್ನು ಅನುಸರಿಸಿದ ಅಕ್ಷರಪಟ್ಟಿಯಿದೆ. ಅಂದರೆ ಅರಬ್ ಕಲೆಯ ರೂಪಗಳು ಈ ಊರಿನ ಕೆಲಸಗಾರರ ಕೈಗೆ ಬಂದಿದ್ದವು. ಪ್ರವಾಸಿ ಕೈಪಿಡಿಗಳು ಕೆಥೆಡ್ರಲ್ಲಿಗೆ ಒಂದು ಅಧ್ಯಾಯ, ಬಂಡೆಗೆ ಇನ್ನೊಂದು ಎಂದು ಬೇರೆ ಮಾಡಿಟ್ಟಿವೆ. ಗೋಝ್‌ಫ್ರೆದುಸನ ಮರವನ್ನು ನೋಡಿದ ಕಣ್ಣಿನಲ್ಲೇ ಎಗ್ವೀಯ ಕಲ್ಲನ್ನೂ ನೋಡಬೇಕು. ಆಗ ಬಿಷಪ್ಪನಿಗೆ ಈವರೆಗೆ ಸಂದಿರುವ ಹೊಗಳಿಕೆಯ ದೊಡ್ಡ ಪಾಲು 12ನೇ ಶತಮಾನದ ಕಲ್ಲುಕುಟಿಗರಿಗೆ ಸಲ್ಲುತ್ತದೆ.