ಆಲಸ್ಯವೆಂಬ ಹೇತ್ವಾಭಾಸ: ಮಲಯ ದೇಶದ ಮೂರು ಗ್ರಂಥಗಳು

ಒಂದೇ ದೇಶದಲ್ಲಿ ನೆರೆಹೊರೆಯಾಗಿ ಬಾಳುತ್ತಿರುವ ಎರಡು ಜನಾಂಗಗಳಲ್ಲಿ ಒಂದು ಅಂಗಡಿಯ ಒಳಗೂ ಮತ್ತೊಂದು ಅಂಗಡಿಯ ಹೊರಗೂ ನಿಂತಿರುವುದಾದರೆ, ಇದಕ್ಕೆ ಕಾರಣವೇನೆಂಬ ಪ್ರಶ್ನೆಯು ತಾನಾಗಿಯೇ ಏಳುವುದಷ್ಟೆ. ಒಬ್ಬರು ಸೋಮಾರಿಗಳು, ಇನ್ನೊಬ್ಬರು ಉದ್ಯೋಗಶೀಲರು ಎಂದುಬಿಡುವುದು ಎಲ್ಲಕ್ಕಿಂತ ಸುಲಭವಾದ ಉತ್ತರ. ಮಲಯ ದೇಶದಲ್ಲಿ ಮಲಯರನ್ನೂ ಚೀನೀಯರನ್ನೂ ಕುರಿತು ಈ ಉತ್ತರವನ್ನು ಮೊದಲು ಕೊಟ್ಟವರು ಯೂರೋಪಿನಿಂದ ಬಂದ ಅಧಿಕಾರಿಗಳು. ಕಾಲಾನಂತರದಲ್ಲಿ ಮಲಯರ ನಾಯಕರೇ ಅದನ್ನು ತಮ್ಮದಾಗಿ ಮಾಡಿಕೊಂಡರು. ಆ ದೇಶದ ಮೂರು ಗ್ರಂಥಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ಈ ಉತ್ತರದ ಬಲಾಬಲಗಳು ಚೆನ್ನಾಗಿ ತಿಳಿಯುತ್ತವೆ. ಒಂದು ರಾಜಕಾರಣಿಯದು, ಒಂದು ಸಮಾಜಶಾಸ್ತ್ರಜ್ಞನದು, ಒಂದು ಕಾದಂಬರಿ. ಮೂವರೂ ಮಲಯರ ಹಿತವನ್ನು ಬಯಸಿದವರೇ. ಆದರೂ ಒಬ್ಬರ ಕಣ್ಣಿಗೆ ಬಿದ್ದುದು ಇನ್ನೊಬ್ಬರ ಕಣ್ಣಿಗೆ ಬಿದ್ದಿಲ್ಲ.

ಮೊದಲು ದೇಶಕಾಲಗಳ ವಿಚಾರ. ಮಲಯವು 1957ನೆಯ ಇಸವಿಯಲ್ಲಿ ಸ್ವತಂತ್ರವಾದಾಗ ಅಲ್ಲಿನ ಜನರಲ್ಲಿ ಮಲಯರು ಸುಮಾರು ಅರ್ಧದಷ್ಟು, ಚೀನೀಯರು ಮೂರರಲ್ಲೊಂದು ಪಾಲಿಗಿಂತ ಹೆಚ್ಚು, ಉಳಿದವರಲ್ಲಿ ಬಹುಮಂದಿ ಭಾರತದಿಂದ ಹೋದವರು. ರಾಜ್ಯಾಧಿಕಾರವು ಹೆಚ್ಚಾಗಿ ಮಲಯರ ಕೈಯಲ್ಲಿಯೂ ಪೇಟೆಯ ವ್ಯಾಪಾರವು ಹೆಚ್ಚಾಗಿ ಚೀನೀಯರ ಕೈಯಲ್ಲಿಯೂ ಇದ್ದವು. 1969ನೆಯ ಇಸವಿ ಮೇ ತಿಂಗಳ 10ರಂದು ಚುನಾವಣೆ ನಡೆದು, 13ರ ಸಂಜೆ ಕ್ವಾಲಾಲಂಪುರದಲ್ಲಿ ರಕ್ತ ಹರಿಯಿತು. ಸರ್ಕಾರದ ಲೆಕ್ಕದಂತೆಯೇ ಸತ್ತವರು 196 ಮಂದಿ. ಅವರಲ್ಲಿ ಹೆಚ್ಚಿನವರು ಚೀನೀಯರು. ಆಮೇಲೆ 1971ನೆಯ ಇಸವಿಯವರೆಗೆ ಶಾಸನಸಭೆಯು ಸೇರಲಿಲ್ಲ. ಆ ಚುನಾವಣೆಯಲ್ಲಿ ಸೋತವರಲ್ಲಿ ಕೆದಾ ಪ್ರಾಂತದ ವೈದ್ಯರಾದ ಮಹಾತೀರ್ ಮೊಹಮ್ಮದರೊಬ್ಬರು. ಪ್ರಧಾನಮಂತ್ರಿ ತುಂಕು ಅಬ್ದುಲ್ ರಹಮಾನರನ್ನು ಖಂಡಿಸಿ ಬರೆದ ಪತ್ರದ ಫಲವಾಗಿ ಅವರು ಪಕ್ಷದಿಂದಲೂ ಹೊರಬಿದ್ದರು. ಮರುವರ್ಷ ಸಿಂಗಪುರದಲ್ಲಿ ಅವರ ‘ದಿ ಮಲಯ್ ಡೈಲೆಮಾ’ ಎಂಬ ಆಂಗ್ಲ ಗ್ರಂಥವು ಪ್ರಕಟವಾಯಿತು. ಸ್ವದೇಶದಲ್ಲಿ ಅದಕ್ಕೆ ಪ್ರವೇಶವಿರಲಿಲ್ಲ. 1981ನೆಯ ಇಸವಿಯಲ್ಲಿ ಗ್ರಂಥಕರ್ತರೇ ಪ್ರಧಾನಮಂತ್ರಿಗಳಾದ ಮೇಲೆ ಆ ನಿಷೇಧವು ಹೋಯಿತು!

ಈ ಗ್ರಂಥದ ಗುಣವನ್ನು ಮೊದಲು ಹೇಳಬೇಕು. ಅದರಲ್ಲಿ ಮುಚ್ಚುಮರೆಯಿಲ್ಲ. ಸೌಹಾರ್ದವೆಂಬ ಬಾಯಿಮಾತಿನ ಹಿಂದೆ ಎರಡು ಜನಾಂಗಗಳು ಒಂದನ್ನೊಂದು ಬಲ್ಲವೇ ಅಲ್ಲವೆಂಬುದನ್ನು ಅವರು ನಿರ್ದಾಕ್ಷಿಣ್ಯವಾಗಿ ಹೇಳಿದ್ದಾರೆ. ಹಳ್ಳಿಯ ಮಲಯನ ವಿನಯ, ಎದುರಾಡಬಾರದೆಂಬ ಸಂಕೋಚ, ದಾರಿಯಲ್ಲಿ ಬದಿಗೆ ಸರಿದು ಎದುರು ಬಂದವನಿಗೆ ಎಡೆಗೊಡುವ ಸೌಜನ್ಯ, ಹೀಗೆ ಅದುಮಿಟ್ಟ ಮನಸ್ಸು ಒಂದು ದಿನ ‘ಅಮೋಕ್’ ಎಂಬ ಕುರುಡು ರೋಷವಾಗಿ ಒಡೆಯುವ ರೀತಿ, ಇವುಗಳನ್ನು ವರ್ಣಿಸುವಾಗ ಗ್ರಂಥಕರ್ತರ ಲೇಖನಿ ಬಹಳ ಚೆನ್ನಾಗಿ ನಡೆಯುತ್ತದೆ. ಚೀನೀ ವರ್ತಕರು ಬಂಧುಬಳಗದ ಮತ್ತು ಸಂಘಗಳ ಬಲದಿಂದ ಹೊರಗಿನವನಿಗೆ ಎಡೆಯಿಲ್ಲದಂತೆ ವ್ಯಾಪಾರ ನಡೆಸುವುದನ್ನೂ, ಆಂಗ್ಲ ಸರ್ಕಾರದ ಪಕ್ಷಪಾತವನ್ನೂ ಅವರು ಮರೆತಿಲ್ಲ.

ಆದರೆ ರೋಗಲಕ್ಷಣಗಳನ್ನು ಸರಿಯಾಗಿ ಹೇಳಿದ ವೈದ್ಯರು ನಿದಾನಸ್ಥಾನಕ್ಕೆ ಬಂದಾಗ ಜಾರಿದ್ದಾರೆ. ಮಲಯರ ನೆಲವು ಫಲವತ್ತಾದುದರಿಂದ ಬಲಹೀನರೂ ಬದುಕಿ ಸಂತಾನವನ್ನು ಬೆಳೆಸಿದರಂತೆ. ಸೋದರಸಂಬಂಧದ ಮದುವೆಗಳಿಂದ ಕುಲವು ಮತ್ತಷ್ಟು ಸೊರಗಿತಂತೆ. ಚೀನದಲ್ಲಿಯಾದರೋ ಪ್ರವಾಹ, ಕ್ಷಾಮಗಳಲ್ಲಿ ದುರ್ಬಲರು ಅಳಿದು ಗಟ್ಟಿಗರು ಉಳಿದರಂತೆ. ಆ ಗಟ್ಟಿಗರ ಮಕ್ಕಳೇ ಮಲಯಕ್ಕೆ ಬಂದರಂತೆ. ಒಟ್ಟಿನಲ್ಲಿ ಬಡತನವು ರಕ್ತದೊಳಗೆ ಇಳಿದುಹೋಯಿತು. ಇದು ನಮ್ಮ ಶಾಸ್ತ್ರಕಾರರು ಬಹುಕಾಲದ ಹಿಂದೆಯೇ ಕೈಗೆತ್ತಿಕೊಂಡು ತಿರಸ್ಕರಿಸಿದ ಸ್ವಭಾವವಾದದ ಹೊಸ ವೇಷವಲ್ಲದೆ ಬೇರೆಯಲ್ಲ. ಮುಳ್ಳಿಗೆ ಮೊನೆ ಏಕೆಂದರೆ ಸ್ವಭಾವದಿಂದ, ನವಿಲಿಗೆ ಬಣ್ಣ ಏಕೆಂದರೆ ಸ್ವಭಾವದಿಂದ ಎನ್ನುವವನು ಏನನ್ನೂ ಹೇಳಿದಂತಾಗಲಿಲ್ಲ. ಕೇಳುವವನ ಬಾಯಿ ಮುಚ್ಚಿಸಿದನು, ಅಷ್ಟೆ. ನಮ್ಮ ನಾಡಿನ ಕೇರಿಗಳನ್ನು ಕುರಿತೂ ಇಂಥ ಮಾತು ಜಗುಲಿಗಳ ಮೇಲೆ ಕೇಳಿಬರದೆ ಇಲ್ಲ.

ತರ್ಕದ ಮೊದಲ ಪಾಠವನ್ನು ಓದಿದ ವಿದ್ಯಾರ್ಥಿಯೂ ಅನ್ವಯವ್ಯತಿರೇಕಗಳನ್ನು ಕೇಳುವನು. ಮಲಯನಾಗಿರುವುದೇ ವ್ಯಾಪಾರದಲ್ಲಿ ಹಿಂದುಳಿಯುವುದಕ್ಕೆ ಹೇತುವಾದರೆ, ಹದಿನೈದನೆಯ ಶತಮಾನದ ಮಲಕ್ಕಾ ಪಟ್ಟಣವು ಹೇಗೆ ಬಾಳಿತು? ಗುಜರಾತದಿಂದ ಚೀನದವರೆಗಿನ ಹಡಗುಗಳು ಸೇರುತ್ತಿದ್ದ ಆ ರೇವನ್ನು ಆಳಿದವರೂ ಅಲ್ಲಿ ವ್ಯಾಪಾರ ಮಾಡಿದವರಲ್ಲಿ ಅನೇಕರೂ ಮಲಯರೇ. 1511ನೆಯ ಇಸವಿಯಲ್ಲಿ ಪೋರ್ಚುಗೀಸರು ಅದನ್ನು ಕಸಿದುಕೊಂಡದ್ದು ಫಿರಂಗಿಯ ಬಲದಿಂದಲೇ ಹೊರತು ಮಲಯರು ನಿದ್ರೆ ಮಾಡುತ್ತಿದ್ದರೆಂದಲ್ಲ. ಚೀನೀಯನಾಗಿರುವುದೇ ಸಂಪತ್ತಿಗೆ ಹೇತುವಾದರೆ, ಅದೇ ರಕ್ತದವರು ತಮ್ಮ ತಾಯ್ನಾಡಿನಲ್ಲಿ ಹಸಿವಿನಿಂದ ಊರು ಬಿಟ್ಟು ಹಡಗು ಹತ್ತಿದುದು ಏಕೆ? ಹೇತುವಿದ್ದೆಡೆಯಲ್ಲಿ ಸಾಧ್ಯವಿಲ್ಲವೆಂದ ಮೇಲೆ ಅದು ವ್ಯಭಿಚಾರಿ ಹೇತುವೇ ಸರಿ. ಇನ್ನು ಮಲಯರ ಕುಲವೂ ಬಡತನವೂ ಒಟ್ಟಿಗೆ ಕಂಡುಬರುತ್ತವಲ್ಲಾ ಎನ್ನುವುದಾದರೆ, ಮಡಕೆಯು ಹುಟ್ಟುವಾಗ ಕುಂಬಾರನ ಕತ್ತೆಯೂ ಅಂಗಳದಲ್ಲಿ ನಿಂತಿರುತ್ತದೆ. ಅದನ್ನು ಯಾರೂ ಮಡಕೆಗೆ ಕಾರಣವೆನ್ನುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ ಗ್ರಂಥಕರ್ತರ ಮಾತಿನಲ್ಲಿಯೇ ವ್ಯಾಘಾತವಿದೆ. ಸರ್ಕಾರದ ರಕ್ಷಣೆಯಿಂದ ಮಲಯರನ್ನು ಮೇಲೆತ್ತಬೇಕೆಂದು ಅವರು ವಾದಿಸುತ್ತಾರೆ. ರಕ್ತದ ದೋಷವಾದರೆ ಆಜ್ಞಾಪತ್ರದಿಂದ ಹೋಗದು. ಆಜ್ಞಾಪತ್ರದಿಂದ ಹೋಗುವುದಾದರೆ ಅದು ರಕ್ತದ ದೋಷವಲ್ಲ. ಅವರ ತಂದೆಯ ಕಡೆಯ ಪೂರ್ವಿಕರು ಭಾರತದಿಂದ ಹೋದವರೆಂಬುದನ್ನೂ, ಅವರ ತಂದೆ ಆಲೋರ್ ಸ್ಟಾರ್ ಪಟ್ಟಣದ ಆಂಗ್ಲ ಪಾಠಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರೆಂಬುದನ್ನೂ ನೆನೆದರೆ, ಮಗನನ್ನು ವೈದ್ಯನನ್ನಾಗಿ ಮಾಡಿದ್ದು ರಕ್ತವೋ ಪಾಠಶಾಲೆಯೋ ಎಂದು ಕೇಳಬೇಕೆನಿಸುತ್ತದೆ.

ಈ ವಾದಕ್ಕೆ ಸಮರ್ಥವಾದ ಖಂಡನವು ಏಳು ವರ್ಷಗಳ ಮೇಲೆ, 1977ರಲ್ಲಿ, ಲಂಡನ್ನಿನಿಂದ ಹೊರಟಿತು. ‘ದಿ ಮಿಥ್ ಆಫ್ ದಿ ಲೇಜಿ ನೇಟಿವ್’ ಎಂಬುದು ಆ ಗ್ರಂಥದ ಹೆಸರು. ಅದನ್ನು ಬರೆದ ಸೈಯದ್ ಹುಸೇನ್ ಅಲತಾಸರು 1928ರಲ್ಲಿ ಜಾವಾ ದ್ವೀಪದ ಬೋಗೋರಿನಲ್ಲಿ ಹುಟ್ಟಿ, ಆಮ್‌ಸ್ಟರ್‌ಡಾಮಿನಲ್ಲಿ ವ್ಯಾಸಂಗ ಮಾಡಿ, ಸಿಂಗಪುರದ ವಿಶ್ವವಿದ್ಯಾನಿಲಯದಲ್ಲಿ ಮಲಯ ಶಾಸ್ತ್ರಗಳ ಪ್ರಾಧ್ಯಾಪಕರಾಗಿದ್ದವರು. ಮಲಯರು, ಜಾವಾದವರು, ಫಿಲಿಪೈನ್ಸಿನವರು ಇವರನ್ನು ಕುರಿತು ಹದಿನಾರನೆಯ ಶತಮಾನದಿಂದ ಯೂರೋಪಿಯನರು ಬರೆದುದನ್ನೆಲ್ಲ ಅವರು ಶೋಧಿಸಿ, ಸೋಮಾರಿತನದ ಆರೋಪವು ಯಾವಾಗ, ಯಾರ ಬಾಯಿಂದ, ಯಾರ ಲಾಭಕ್ಕಾಗಿ ಹೊರಟಿತೆಂದು ತೋರಿಸುತ್ತಾರೆ. ಪೂರ್ವಪಕ್ಷವನ್ನು ಪೂರ್ತಿಯಾಗಿ ಮುಂದಿಟ್ಟು ಆಮೇಲೆ ಮುರಿಯುವ ಅವರ ಕ್ರಮವು ನಮ್ಮ ಭಾಷ್ಯಕಾರರಿಗೆ ಒಪ್ಪಿಗೆಯಾಗುವಂಥದು. ಫಿಲಿಪೈನ್ಸಿನ ಹೋಸೆ ರಿಸಾಲರು 1890ರಲ್ಲಿಯೇ ತಮ್ಮ ಜನರ ಆಲಸ್ಯವೆಂಬ ಮಾತನ್ನು ಪರೀಕ್ಷಿಸಿದ್ದುದನ್ನು ಸ್ಮರಿಸಿ, ಆ ದಾರಿಯಲ್ಲಿ ತಾವು ಮುಂದೆ ನಡೆಯುತ್ತಾರೆ.

ಅವರ ಸಿದ್ಧಾಂತವು ಹೀಗಿದೆ. ಮಲಯನು ಉಳುತ್ತಿದ್ದನು, ಮೀನು ಹಿಡಿಯುತ್ತಿದ್ದನು, ದೋಣಿ ಕಟ್ಟುತ್ತಿದ್ದನು. ಆದರೆ ಬಿಳಿಯರ ತೋಟಕ್ಕೂ ಗಣಿಗೂ ಕೂಲಿಯಾಗಿ ಬರಲೊಲ್ಲದೆ ಹೋದನು. ತನಗೆ ದುಡಿಯದವನು ದುಡಿಯುವವನೇ ಅಲ್ಲವೆಂದು ತೋಟದ ಒಡೆಯನು ತೀರ್ಮಾನಿಸಿದನು. ಮಲಯ ಸಂಸ್ಥಾನಗಳ ಆಡಳಿತದಲ್ಲಿ ಅತ್ಯುನ್ನತ ಪದವಿಗೇರಿದ ಫ್ರಾಂಕ್ ಸ್ವೆಟ್ಟನ್‌ಹ್ಯಾಮರಂಥವರು ಅದನ್ನೇ ಗ್ರಂಥಸ್ಥ ಮಾಡಿದರು. ಅದೇ ಮಾತನ್ನು 1971ರಲ್ಲಿ ಮಲಯರ ಆಡಳಿತ ಪಕ್ಷವೇ ಹೊರಡಿಸಿದ ‘ರೆವೊಲುಸಿ ಮೆಂಟಲ್’ ಎಂಬ ಪುಸ್ತಕದಲ್ಲಿಯೂ ಮಹಾತೀರರ ಗ್ರಂಥದಲ್ಲಿಯೂ ಕಾಣುವುದು ಎಂಥ ವಿಪರ್ಯಾಸವೆಂದು ಅಲತಾಸರು ಎರಡು ಅಧ್ಯಾಯಗಳಲ್ಲಿ ವಿವರಿಸಿದ್ದಾರೆ. ಒಡೆಯನು ಹೋದ ಮೇಲೂ ಅವನ ಕನ್ನಡಕವು ಮನೆಯಲ್ಲಿಯೇ ಉಳಿದಿತ್ತು.

ಚರಿತ್ರೆಯು ಈ ಪಕ್ಷಕ್ಕೆ ಸಾಕ್ಷ್ಯ ಹೇಳುತ್ತದೆ. ರಬ್ಬರಿಗೆ ಬೆಲೆ ಬಂದಾಗ ಮಲಯ ರೈತರು ಯಾರ ಬೋಧನೆಗೂ ಕಾಯದೆ ತಮ್ಮ ತುಂಡು ನೆಲಗಳಲ್ಲಿ ರಬ್ಬರ್ ಗಿಡಗಳನ್ನು ನೆಟ್ಟರು. ತಡೆದವರು ಯಾರು? ಭತ್ತದ ನೆಲದಲ್ಲಿ ಭತ್ತವನ್ನೇ ಬೆಳೆಯಬೇಕೆಂದು 1917ರಲ್ಲಿ ಕಾನೂನಾಯಿತು. 1922ರಿಂದ 1928ರವರೆಗೆ ನಡೆದ ಸ್ಟೀವನ್ಸನ್ ಯೋಜನೆಯ ರಬ್ಬರ್ ನಿಯಂತ್ರಣದಲ್ಲಿ ದೊಡ್ಡ ತೋಟಗಳಿಗೆ ಉದಾರವಾದ ಪಾಲೂ ಸಣ್ಣ ಹಿಡುವಳಿಗೆ ಕೃಪಣವಾದ ಪಾಲೂ ದೊರೆತವು. ಮಲಯರ ಭೂಮಿಯನ್ನು ಉಳಿಸಲೆಂದು 1913ರಲ್ಲಿ ಮಾಡಿದ ಕಾನೂನು ಭೂಮಿಯನ್ನೇನೋ ಉಳಿಸಿತು. ಆದರೆ ಅದನ್ನು ಅನ್ಯರಿಗೆ ಮಾರುವಂತಿಲ್ಲ, ಆಧಾರವಿಡುವಂತಿಲ್ಲವಾದುದರಿಂದ ಆ ಭೂಮಿಯ ಮೇಲೆ ಬಂಡವಾಳ ಹುಟ್ಟಲಿಲ್ಲ. ವಿದ್ಯಾಭ್ಯಾಸದ ಕಥೆ ಇನ್ನೂ ನೋವಿನದು. ಆಂಗ್ಲ ಶಾಲೆಗಳೆಲ್ಲ ಪಟ್ಟಣಗಳಲ್ಲಿ; ಪಟ್ಟಣಗಳಲ್ಲಿ ಇದ್ದವರು ಚೀನೀಯರು. ಹಳ್ಳಿಯ ಮಲಯ ಶಾಲೆಯಲ್ಲಿ ಬೆಸ್ತನ ಮಗನು ಸ್ವಲ್ಪ ಅಕ್ಷರ ಕಲಿತು ಸ್ವಲ್ಪ ಜಾಣನಾದ ಬೆಸ್ತನಾದರೆ ಸಾಕೆಂಬುದೇ ಸರ್ಕಾರದ ಧೋರಣೆ. ಆ ಶಾಲೆಯಿಂದ ಗುಮಾಸ್ತೆಯ ಮೇಜಿನವರೆಗೂ ದಾರಿಯಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ, ಇಂಥ ಶಾಲೆಯನ್ನು ಕಟ್ಟಿ ಆಮೇಲೆ ಮಕ್ಕಳ ಮಂದತೆಯನ್ನು ದೂಷಿಸಿದವರ ಧೈರ್ಯವು ಆಶ್ಚರ್ಯವೆನಿಸುತ್ತದೆ.

ಅಲತಾಸರ ಗ್ರಂಥದ ಹಿರಿಮೆಯಾದರೋ ಚೀನೀಯರ ‘ಉದ್ಯೋಗಶೀಲತೆ’ಯನ್ನೂ ಅದೇ ಒರೆಗಲ್ಲಿಗೆ ಹಚ್ಚಿರುವುದರಲ್ಲಿದೆ. ಆ ಪ್ರಶಂಸೆಯು ಎತ್ತನ್ನು ಹೊಗಳುವ ಪ್ರಶಂಸೆ. ಪೇರಾಕಿನ ಲಾರುತ್ ಪ್ರದೇಶದ ತವರದ ಗಣಿಗಳಿಗೆ ಬಂದ ಚೀನೀ ಕೂಲಿಯು ಹಡಗಿನ ಸಾಲದೊಡನೆ ಇಳಿದು, ಜ್ವರದ ನಡುವೆ ಅಗೆದು, ದಣಿವಿಗೆ ಅಫೀಮು ಸೇದಿ, ಆ ಅಫೀಮಿನ ಸಾಲದಲ್ಲಿ ಮತ್ತೆ ಮುಳುಗುತ್ತಿದ್ದನು. ಸಿಂಗಪುರ, ಪಿನಾಂಗುಗಳ ಆಂಗ್ಲ ಸರ್ಕಾರದ ವರಮಾನದಲ್ಲಿ ಅನೇಕ ವರ್ಷ ಅರ್ಧದಷ್ಟು ಅಫೀಮಿನಿಂದಲೇ ಬರುತ್ತಿತ್ತು. ಆ ಗುತ್ತಿಗೆ ಹಿಡಿದು ಧನಿಕರಾದ ಚೀನೀಯರು ಕೆಲವರು; ಸೇದಿ ಸತ್ತವರು ಅಸಂಖ್ಯಾತರು. ಮುಂದೆ 1948ರಲ್ಲಿ ಕಮ್ಯೂನಿಸ್ಟರ ದಂಗೆಯು ಆರಂಭವಾದಾಗ ಕಾಡಂಚಿನಲ್ಲಿದ್ದ ಐದು ಲಕ್ಷದಷ್ಟು ಜನರನ್ನು, ಬಹುಮಟ್ಟಿಗೆ ಚೀನೀಯರನ್ನು, ಮುಳ್ಳುತಂತಿಯ ಬೇಲಿಯೊಳಗಿನ ‘ಹೊಸ ಹಳ್ಳಿ’ಗಳಿಗೆ ಸಾಗಿಸಲಾಯಿತು. ಚೀನೀಯನೆಂದರೆ ಧನಿಕನೆಂಬ ಮಾತನ್ನು ಆ ಹಳ್ಳಿಗಳ ಮುಂದೆ ನಿಂತು ಹೇಳಲಾಗದು. ಮತ್ತೊಂದು ಅಂಕಿಯಿದೆ. 1970ರಲ್ಲಿ ಆ ದೇಶದ ಕಂಪೆನಿಗಳ ಷೇರು ಬಂಡವಾಳದಲ್ಲಿ ಮಲಯಾದಿ ಭೂಮಿಪುತ್ರರ ಪಾಲು ಶೇಕಡಾ 2.4, ಚೀನೀಯರ ಪಾಲು ಮೂರರಲ್ಲೊಂದಕ್ಕಿಂತ ಕಡಿಮೆ, ಶೇಕಡಾ 60ಕ್ಕೂ ಮೇಲ್ಪಟ್ಟುದು ವಿದೇಶೀಯರದು. ಮೇ 13ರ ಸಂಜೆ ಬೀದಿಯಲ್ಲಿ ಹೊಡೆದಾಡಿದವರಲ್ಲಿ ಈ ಮೂರನೆಯವನು ಇರಲಿಲ್ಲ.

ಅಲತಾಸರ ಗ್ರಂಥವು ನಿರ್ದುಷ್ಟವೆಂದಲ್ಲ. ಹೇಳಿದುದನ್ನೇ ಹೇಳುವ ದೋಷವು ಹಲವೆಡೆ ಇದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಸೋಮಾರಿಯಲ್ಲವೆಂದು ಅವರು ಸಾಧಿಸಿದ ಆ ರೈತನ ಮುಖವು ಅವರ ಪುಟಗಳಲ್ಲಿ ಕಾಣುವುದೇ ಇಲ್ಲ. ಅವನನ್ನು ಕುರಿತು ಬರೆದವರ ಮುಖಗಳೇ ಎಲ್ಲೆಡೆಯೂ ಕಾಣುತ್ತವೆ.

ಆ ಮುಖವನ್ನು ಕಾಣಬೇಕಾದರೆ ಶಹನೊನ್ ಅಹಮ್ಮದರ ‘ರಂಜಾವ್ ಸೆಪಂಜಂಗ್ ಜಾಲನ್’ ಎಂಬ ಕಾದಂಬರಿಗೆ ಹೋಗಬೇಕು. 1966ರಲ್ಲಿ ಮಲಯ ಭಾಷೆಯಲ್ಲಿ ಪ್ರಕಟವಾದ ಇದನ್ನು 1972ರಲ್ಲಿ ಅದಿಬಾ ಅಮೀನರು ‘ನೋ ಹಾರ್ವೆಸ್ಟ್ ಬಟ್ ಎ ಥಾರ್ನ್’ ಎಂಬ ಹೆಸರಿನಿಂದ ಆಂಗ್ಲಭಾಷೆಗೆ ತಂದರು. ಶಹನೊನರೂ ಕೆದಾ ಪ್ರಾಂತದವರೇ, ಕೆಲಕಾಲ ಉಪಾಧ್ಯಾಯರಾಗಿದ್ದವರು. ಲಹುಮಾ ಎಂಬ ರೈತ, ಜೆಹಾ ಎಂಬ ಅವನ ಹೆಂಡತಿ, ಏಳು ಹೆಣ್ಣುಮಕ್ಕಳು, ಒಂದು ಗದ್ದೆ: ಕಥಾವಸ್ತು ಇಷ್ಟೇ. ಗದ್ದೆಯಲ್ಲಿ ಲಹುಮಾನ ಕಾಲಿಗೆ ನಿಬಂಗ್ ಎಂಬ ತಾಳೆಜಾತಿಯ ಮರದ ಮುಳ್ಳು ಹೊಕ್ಕು, ಕಾಲು ಬಾತು, ಮೈಯೆಲ್ಲ ಬಾತು ಅವನು ಸಾಯುತ್ತಾನೆ. ಏಡಿಗಳು ಸಸಿಯನ್ನು ಕತ್ತರಿಸುತ್ತವೆ. ತೆನೆ ಕಟ್ಟಿದಾಗ ತಿಯಾಕ್ ಹಕ್ಕಿಗಳು ಮುಗಿಲಿನಂತೆ ಎರಗುತ್ತವೆ. ಒಂಟಿಯಾಗಿ ದುಡಿದ ಜೆಹಾಳ ಬುದ್ಧಿಯು ಕೆಡುತ್ತದೆ. ಮಕ್ಕಳು ಗದ್ದೆಗಿಳಿಯುತ್ತಾರೆ.

ಇಲ್ಲಿ ಕರುಣವೇ ಅಂಗಿಯಾದ ರಸ. ಬೀಭತ್ಸವು ಅದರ ಬೆನ್ನಿಗೇ ಬರುತ್ತದೆಯಾದರೂ ಔಚಿತ್ಯವು ಕೆಟ್ಟಿಲ್ಲ; ಬಾತ ಕಾಲಿನ ವರ್ಣನೆಯನ್ನು ಕವಿಯು ನಮ್ಮನ್ನು ಹೇಸಿಸಲೆಂದು ಎಳೆಯುವುದಿಲ್ಲ, ಕೊಯ್ಲಿನ ದಿನ ಹತ್ತಿರವಾಗುತ್ತಿದೆಯೆಂಬ ಆತಂಕವನ್ನು ಬೆಳೆಸಲೆಂದು ಎಳೆಯುತ್ತಾನೆ. ಬಾಳೂ ಸಾವೂ ದೈವಾಧೀನವೆಂಬ ಭಾವವು ಮೊದಲಿನಿಂದ ಕೊನೆಯವರೆಗೆ ಶ್ರುತಿಯಂತೆ ಮೊರೆಯುತ್ತದೆ. ಒಂದೆರಡು ಕಡೆ ಈ ಶ್ರುತಿಯು ಮಾತನ್ನೇ ಮುಳುಗಿಸುವುದೂ ಉಂಟು. ಈ ಸಂಸಾರವನ್ನು ಕಂಡ ಮೇಲೆ ಫಲವತ್ತಾದ ನೆಲದಲ್ಲಿ ಸುಖವಾಗಿ ಬದುಕಿ ಸೊರಗಿದ ಕುಲವೆಂಬ ಮಾತು ನಾಲಿಗೆಯ ಮೇಲೆ ನಿಲ್ಲದು. ಅಲತಾಸರು ಪ್ರಮಾಣಗಳಿಂದ ಸಾಧಿಸಿದ್ದು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಆದರೆ ಕಾದಂಬರಿಯ ದೃಷ್ಟಿಯು ಗದ್ದೆಯ ಬದುವನ್ನು ದಾಟಿ ಹೆಚ್ಚು ದೂರ ಹೋಗುವುದಿಲ್ಲ. ಕೆದಾದಲ್ಲಿ ‘ಪಾಡಿ ಕುಂಚಾ’ ಎಂಬ ಸಾಲದ ಪದ್ಧತಿಯಿತ್ತು. ಬೆಳೆಯು ಹೊಲದಲ್ಲಿರುವಾಗಲೇ ಅದನ್ನು ಕಡಿಮೆ ಬೆಲೆಗೆ ಒಪ್ಪಿಸಿ, ರೈತನು ಅಂಗಡಿಯಿಂದ ಹಣವನ್ನೋ ಸಾಮಾನನ್ನೋ ತರುವನು. ಕೊಯ್ಲಾದಾಗ ಭತ್ತವು ಅವನದಲ್ಲ. ಅಂಗಡಿಯವನು ಸಾಮಾನ್ಯವಾಗಿ ಚೀನೀಯನು. ಅವನೂ ಪಟ್ಟಣದ ಸಗಟು ವ್ಯಾಪಾರಿಗೆ ಸಾಲಗಾರನು. ಮಲಯನಿಗೆ ಕಾಣುತ್ತಿದ್ದುದು ಆ ಒಂದು ಮುಖ ಮಾತ್ರ. ಆ ಮುಖದ ಹಿಂದಿದ್ದ ಸರಪಳಿಯು ಕಾಣುತ್ತಿರಲಿಲ್ಲ. ಏಡಿಯನ್ನೂ ಹಕ್ಕಿಯನ್ನೂ ಅಷ್ಟು ನಿಚ್ಚಳವಾಗಿ ಕಂಡ ಲೇಖನಿಯು ಈ ಸರಪಳಿಯನ್ನೂ ಕಂಡಿದ್ದರೆ ಕೃತಿಯು ಇನ್ನೂ ದೊಡ್ಡದಾಗುತ್ತಿತ್ತು. ದೈವವೆಂಬುದೂ ಸ್ವಭಾವವೆಂಬುದರ ಅಣ್ಣನೇ ಅಲ್ಲವೆ?

1971ರ ಹೊಸ ಆರ್ಥಿಕ ನೀತಿಯು ಜನಾಂಗಭೇದವಿಲ್ಲದೆ ಬಡತನವನ್ನು ಕಳೆಯುವುದನ್ನೂ, ಇಂಥ ಕುಲಕ್ಕೆ ಇಂಥ ಕಸಬೆಂಬುದನ್ನು ಅಳಿಸುವುದನ್ನೂ ಗುರಿಯಾಗಿಟ್ಟುಕೊಂಡಿತು. 1990ರ ವೇಳೆಗೆ ಭೂಮಿಪುತ್ರರಿಗೆ ಷೇರುಗಳಲ್ಲಿ ಶೇಕಡಾ 30 ಪಾಲು ದೊರೆಯಬೇಕೆಂಬುದು ಸಂಕಲ್ಪ. ಸರ್ಕಾರದ ಲೆಕ್ಕದಂತೆ ದೊರೆತದ್ದು ಸುಮಾರು 19. ಅದರಲ್ಲಿಯೂ ಅರಮನೆಗೂ ಪಕ್ಷಕ್ಕೂ ಹತ್ತಿರದವರಿಗೆ ಸೇರಿದ್ದೆಷ್ಟು, ಲಹುಮಾನಂಥವರಿಗೆ ಸೇರಿದ್ದೆಷ್ಟು ಎಂಬ ವಾದವು ಆ ದೇಶದಲ್ಲಿ ಮುಗಿದಿಲ್ಲ. ಬಡವರ ಸಂಖ್ಯೆಯು ಮಾತ್ರ ನಿಜವಾಗಿ ಇಳಿಯಿತು. ಪರ್ಯಾಯ ದ್ವೀಪದಲ್ಲಿ 1970ರಲ್ಲಿ ನೂರಕ್ಕೆ 49ರಷ್ಟಿದ್ದ ಬಡ ಸಂಸಾರಗಳು ಇಪ್ಪತ್ತು ವರ್ಷಗಳಲ್ಲಿ 15ರ ಆಸುಪಾಸಿಗೆ ಬಂದವು. ಇಪ್ಪತ್ತು ವರ್ಷಗಳಲ್ಲಿ ರಕ್ತವು ಬದಲಾಗುವುದಿಲ್ಲ. ಶಾಲೆ, ನೀರು, ರಸ್ತೆ, ಉದ್ಯೋಗ ಇವು ಬದಲಾಗುತ್ತವೆ. ಇಷ್ಟಾದರೂ 2002ರಲ್ಲಿ, ಇಪ್ಪತ್ತೊಂದು ವರ್ಷ ಪ್ರಧಾನಮಂತ್ರಿಯಾಗಿದ್ದ ಮಹಾತೀರರು ಮಲಯರ ಹೊಸ ಸಂಕಟವನ್ನು ಕುರಿತು ಮಾತನಾಡುತ್ತ, ತಮ್ಮ ಜನರು ಊರುಗೋಲನ್ನು ಬಿಡಲೊಲ್ಲರೆಂದು ಮತ್ತೆ ಅವರ ನಡತೆಯನ್ನೇ ದೂರಿದರು.

ಮೂರನ್ನೂ ಓದುವಷ್ಟು ಬಿಡುವಿಲ್ಲದ ವಾಚಕರು ಕಾದಂಬರಿಯೊಂದನ್ನಾದರೂ ಓದಬೇಕು. ಎರಡಕ್ಕೆ ಬಿಡುವಿರುವವರು ಅದರ ಪಕ್ಕದಲ್ಲಿ ಮಹಾತೀರರ ಗ್ರಂಥವನ್ನಿಟ್ಟುಕೊಂಡು, ಇಬ್ಬರೂ ಒಂದೇ ಪ್ರಾಂತದಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬೆಳೆದು, ಅದೇ ಗದ್ದೆಗಳನ್ನೇ ನೋಡಿದವರೆಂಬುದನ್ನು ಮರೆಯದೆ ಓದಲಿ.