ಫಳಫಳ ಹೊಳೆಯುವ ಜಾವಾ ಕತ್ತಿ

ಹಳೇ ಜಾವಾ ಕತ್ತಿಗಳನ್ನು 'ರಿಪೇರಿ' ಮಾಡುವ ಎಷ್ಟೋ ವಿಡಿಯೋಗಳಲ್ಲಿ ಮೊದಲು ಹೊರಬರೋದು ಗ್ರೈಂಡಿಂಗ್ ಮಷಿನ್. ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣಲ್ಲಿ ತಿಕ್ಕಿದ ಹಾಗೆ ಫಳಫಳ ಅನ್ನಿಸಿಬಿಡ್ತಾರೆ. ನನಗಿದು ಹಿಡಿಸಲ್ಲ.

ಜಾವಾದ ಕಮ್ಮಾರರು ಕಬ್ಬಿಣದ ಜೊತೆ ನಿಕಲ್ ಇರುವ ಲೋಹ ಸೇರಿಸಿ, ಮಡಚಿ ಬಡಿದು, 'ಪಾಮೋರ್' ಎಂಬ ಚಿತ್ತಾರ ಎಬ್ಬಿಸುತ್ತಿದ್ದರು. ನಿಂಬೆರಸದಲ್ಲಿ ಕಲಸಿದ ಪಾಷಾಣ ಬಳಿದರೆ ಕಬ್ಬಿಣ ಕಪ್ಪಾಗುತ್ತೆ, ನಿಕಲ್ ಬೆಳ್ಳಗೇ ಉಳಿಯುತ್ತೆ. ಕತ್ತಿ ಎಲ್ಲಿಯದು ಅಂತ ಗುರುತಿಸೋಕೆ ಆಕಾರದಷ್ಟೇ ಇದೂ ಮುಖ್ಯ.

ಹಾಗಂತ ತೊಳೆಯಲೇಬಾರದು ಅಂತಲ್ಲ. ಅಲ್ಲಿಯವರೇ ಸುರೋ ತಿಂಗಳಲ್ಲಿ ಕ್ರಿಸ್ ಕಠಾರಿಗಳನ್ನು ನಿಂಬೆಹುಳಿಯಲ್ಲಿ ತೊಳೆದು, ಮತ್ತೆ ಪಾಷಾಣ ಬಳಿಯುತ್ತಾರೆ. ಹೋದ ಕಪ್ಪು ಹೀಗೆ ವಾಪಸ್ ಬರುತ್ತೆ. ಮಷಿನ್ ತಿಂದ ಪದರ ಬರಲ್ಲ. ಪಾಷಾಣ ವಿಷ, ಮನೇಲಿ ಮುಟ್ಟೋದು ಬೇಡ. ತುಕ್ಕು ಬಿಡಿಸಿ ಎಣ್ಣೆ ಸವರಿದರೆ ಸಾಕು.