ಮಿನಿ: ಹತ್ತು ಅಡಿಯೊಳಗಿನ ಜಾಣ್ಮೆ

ಬ್ರಿಟನ್ನಿನ ಮಿನಿ ಕಾರಿನ ಚಿತ್ರವನ್ನು ನೀವು ನೋಡಿರಬಹುದು. ಮುದ್ದಾದ ರೂಪವೇ ಅದರ ಆಕರ್ಷಣೆ ಎನ್ನುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ.

1956ರ ಸೂಯೆಜ್ ಬಿಕ್ಕಟ್ಟಿನಿಂದ ಅಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಕಡಿಮೆ ಇಂಧನದಲ್ಲಿ ನಾಲ್ವರನ್ನು ಒಯ್ಯುವ ಕಾರು ಬೇಕಾಯಿತು. ಅಲೆಕ್ ಇಸ್ಸಿಗೋನಿಸ್ ವಿನ್ಯಾಸಗೊಳಿಸಿ 1959ರಲ್ಲಿ ಹೊರಬಂದ ಕಾರಿನ ಉದ್ದ ಸುಮಾರು 3.05 ಮೀಟರ್, ಅಂದರೆ ಹತ್ತು ಅಡಿ. ಎಂಜಿನ್ನನ್ನು ಅವರು ಅಡ್ಡಲಾಗಿ ಕೂರಿಸಿದರು. ಗೇರ್‌ಬಾಕ್ಸನ್ನು ಅದರ ಕೆಳಗಿನ ಎಣ್ಣೆ ತೊಟ್ಟಿಯಲ್ಲಿಯೇ ಅಡಗಿಸಿದರು. ಚಾಲನೆ ಮುಂದಿನ ಚಕ್ರಗಳಿಗೇ ದೊರೆಯುವುದರಿಂದ ಹಿಂದಕ್ಕೆ ಚಾಚುವ ಉದ್ದನೆಯ ದಂಡ ಬೇಡವಾಯಿತು. ಚಕ್ರಗಳೋ, ಹತ್ತೇ ಅಂಗುಲದವು! ಉಕ್ಕಿನ ಸ್ಪ್ರಿಂಗುಗಳ ಜಾಗದಲ್ಲಿ ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಶಂಕುಗಳು. ಹೀಗೆ ನೆಲದ ಸುಮಾರು ಶೇಕಡ 80 ಭಾಗ ಜನರಿಗೂ ಸಾಮಾನಿಗೂ ಉಳಿಯಿತು. ಆ ರೂಪ ಬಂದದ್ದು ಈ ಲೆಕ್ಕಾಚಾರದಿಂದಲೇ.

ಹಾಗೆಂದು ದೋಷಗಳನ್ನು ಮರೆಯಬಾರದು. ಮೊದಲ ಕಾರುಗಳ ನೆಲಕ್ಕೆ ಮಳೆನೀರು ಸೋರುತ್ತಿತ್ತು. ಎಂಜಿನ್ನಿಗೂ ಗೇರಿಗೂ ಒಂದೇ ಎಣ್ಣೆಯಾದ್ದರಿಂದ ಹಲ್ಲುಚಕ್ರಗಳ ಒತ್ತಡಕ್ಕೆ ಅದರ ಸ್ನಿಗ್ಧತೆ ಬೇಗ ಕುಗ್ಗುತ್ತದೆ. 2000ದವರೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾದರೂ ಈ ಉಪಾಯವನ್ನು ಅನುಸರಿಸಿದವರು ಕಡಿಮೆ. ಹಳೆಯ ಮಾರುತಿ 800 ಸಿಕ್ಕರೆ ಬಾನೆಟ್ ಎತ್ತಿ ನೋಡಿ: ಎಂಜಿನ್ ಅಡ್ಡಲಾಗಿಯೇ ಇದೆ, ಗೇರ್‌ಬಾಕ್ಸ್ ಮಾತ್ರ ಅದರ ಪಕ್ಕಕ್ಕೆ ಸರಿದಿದೆ.